ಶಾಲೆಯ ವಹಿಯಿಂದ ವರದಿಯವರೆಗೆ: ಶಿಕ್ಷಣ ಕ್ಷೇತ್ರಕ್ಕೆ ಹೊಸದಾಗಿ ಬಂದ ಸಂಶೋಧನಾ ವಿಶ್ಲೇಷಕರಿಗೆ ಕೈಪಿಡಿ

ಸರ್ಕಾರಿ ಶಾಲೆಗಳ ಬಗ್ಗೆ ಅಧ್ಯಯನ ಮಾಡುವ ಸಂಸ್ಥೆಯೊಂದಕ್ಕೆ ವಿಶ್ಲೇಷಕರಾಗಿ ಸೇರಿದ ಮೊದಲ ವಾರವೇ ನಿಮ್ಮ ಕೈಗೆ ಒಂದು ದೊಡ್ಡ ಎಕ್ಸೆಲ್ ಫೈಲು ಬರುತ್ತದೆ. ಅದರ ಜೊತೆಗೆ ಒಂದೇ ಸಾಲಿನ ಕೆಲಸ: "ಈ ಜಿಲ್ಲೆಯಲ್ಲಿ ತಾಲ್ಲೂಕುವಾರು ಶಿಕ್ಷಕರ ಕೊರತೆ ಎಷ್ಟಿದೆ, ಶುಕ್ರವಾರದೊಳಗೆ ಕೊಡಿ." ಸೂತ್ರ ಹಾಕಿ ಉತ್ತರ ತೆಗೆಯಲು ಅರ್ಧ ಗಂಟೆ ಸಾಕು. ಆ ಉತ್ತರ ಸರಿ ಎಂದು ಎದೆ ತಟ್ಟಿ ಹೇಳಬೇಕಾದರೆ ಮಾತ್ರ, ಫೈಲಿನ ಒಂದೊಂದು ಕಾಲಂ ಶಾಲೆಯ ಯಾವ ವಹಿಯಿಂದ ಬಂತು, ಯಾರು ತುಂಬಿದರು, ಯಾವ ತಾರೀಖಿನ ಲೆಕ್ಕ ಎಂಬುದು ಗೊತ್ತಿರಬೇಕು. ಈ ಕೆಲಸದ ಮುಕ್ಕಾಲು ಪಾಲು ಇರುವುದೇ ಅಲ್ಲಿ. ಕೆಳಗಿನ ಉದಾಹರಣೆಗಳೆಲ್ಲ ಕರ್ನಾಟಕದವು.

ಲೆಕ್ಕಕ್ಕೆ ಮೊದಲು ಪ್ರಶ್ನೆ ಬಿಡಿಸಿ

"ಶಿಕ್ಷಕರ ಕೊರತೆ" ಎಂಬ ಮಾತಿಗೆ ಕನಿಷ್ಠ ಮೂರು ಅರ್ಥ ಇವೆ. ಮಂಜೂರಾದ ಹುದ್ದೆಗಳಲ್ಲಿ ಎಷ್ಟು ಖಾಲಿ ಇವೆ ಎಂಬುದು ಒಂದು. ಮಕ್ಕಳ ಸಂಖ್ಯೆಗೆ ಶಿಕ್ಷಣ ಹಕ್ಕು ಕಾಯ್ದೆ ಕೇಳುವಷ್ಟು ಶಿಕ್ಷಕರು ಇದ್ದಾರೆಯೇ ಎಂಬುದು ಇನ್ನೊಂದು. ತರಗತಿಯಲ್ಲಿ ನಿಜವಾಗಿ ಎಷ್ಟು ಜನ ನಿಂತು ಪಾಠ ಮಾಡುತ್ತಿದ್ದಾರೆ ಎಂಬುದು ಮೂರನೆಯದು. ಮಂಜೂರಾದ ಹುದ್ದೆ ಐದು, ಭರ್ತಿ ನಾಲ್ಕು, ಆ ನಾಲ್ವರಲ್ಲಿ ಒಬ್ಬರು ನಿಯೋಜನೆಯ ಮೇಲೆ ಬೇರೆಡೆ ಕೆಲಸ, ಖಾಲಿ ಜಾಗಕ್ಕೆ ಒಬ್ಬ ಅತಿಥಿ ಶಿಕ್ಷಕರು ಎಂದಿಟ್ಟುಕೊಳ್ಳಿ. ಆ ಶಾಲೆಯಲ್ಲಿ ಶಿಕ್ಷಕರು ಮೂವರೋ, ನಾಲ್ವರೋ, ಐವರೋ? ಪ್ರಶ್ನೆ ಹೇಗೋ ಉತ್ತರವೂ ಹಾಗೆ.

ಹಾಗಾಗಿ ಕೆಲಸ ಕೊಟ್ಟವರಿಗೆ ಅದೇ ದಿನ ನಾಲ್ಕು ಸಾಲು ಬರೆದು ಕಳಿಸಿ: ಯಾವ ಶಾಲೆಗಳು (ಸರ್ಕಾರಿ ಮಾತ್ರವೇ, ಅನುದಾನಿತವೂ ಸೇರಿಯೇ), ಯಾವ ಶೈಕ್ಷಣಿಕ ವರ್ಷ, ಅತಿಥಿ ಶಿಕ್ಷಕರನ್ನು ಲೆಕ್ಕಕ್ಕೆ ಹಿಡಿಯಬೇಕೇ, ಕಂದಾಯ ತಾಲ್ಲೂಕೋ ಶಿಕ್ಷಣ ಇಲಾಖೆಯ ಬ್ಲಾಕೋ (ಒಬ್ಬ ಕ್ಷೇತ್ರ ಶಿಕ್ಷಣಾಧಿಕಾರಿಯ ವ್ಯಾಪ್ತಿ). "ಹೂಂ, ಹೀಗೇ ಮಾಡಿ" ಎಂಬ ಉತ್ತರ ಬರೆದು ಬಂದ ಮೇಲೆ ಶುರುಮಾಡಿ. ಬಾಯಿಮಾತಿನ ಒಪ್ಪಿಗೆ ಗುರುವಾರ ಸಂಜೆಯ ಹೊತ್ತಿಗೆ ಯಾರಿಗೂ ನೆನಪಿರುವುದಿಲ್ಲ.

ಅಂಕಿ ಎಲ್ಲಿಂದ ಬರುತ್ತದೆ

ಮುಖ್ಯ ಮೂಲ ಯು-ಡೈಸ್ ಪ್ಲಸ್, ಅಂದರೆ ದೇಶದ ಶಾಲೆಗಳ ಅಂಕಿಅಂಶ ಸಂಗ್ರಹಿಸುವ ಕೇಂದ್ರ ಸರ್ಕಾರದ ವ್ಯವಸ್ಥೆ. 1990ರ ದಶಕದಲ್ಲಿ ಡೈಸ್ ಎಂದು ಶುರುವಾಯಿತು. 2012-13ರಲ್ಲಿ ಪ್ರಾಥಮಿಕ, ಪ್ರೌಢ ಎರಡನ್ನೂ ಸೇರಿಸಿ ಯು-ಡೈಸ್ ಆಯಿತು, 2018-19ರಿಂದ ಆನ್‌ಲೈನ್‌ನಲ್ಲಿ ಯು-ಡೈಸ್ ಪ್ಲಸ್. 2021-22ರವರೆಗೆ ಶಾಲೆಯವರು ತರಗತಿವಾರು ಒಟ್ಟು ಸಂಖ್ಯೆ ತುಂಬುತ್ತಿದ್ದರು. 2022-23ರಿಂದ ಒಂದೊಂದು ಮಗುವಿನ ವಿವರವನ್ನೂ ಬೇರೆಬೇರೆಯಾಗಿ ತುಂಬಬೇಕು. ಈ ಎರಡು ವರ್ಷಗಳ ನಡುವೆ ದಾಖಲಾತಿ ಇಳಿದಂತೆ ಕಂಡರೆ ಮಕ್ಕಳು ಶಾಲೆ ಬಿಟ್ಟರು ಎಂದು ಬರೆಯಬೇಡಿ, ಎಣಿಸುವ ಕ್ರಮವೇ ಬದಲಾಗಿದೆ. ಎರಡು ಕಡೆ ಹೆಸರಿದ್ದ ಮಗು ಈಗ ಒಂದೇ ಕಡೆ ಉಳಿಯುತ್ತದೆ, ಹೆಸರು ದಾಖಲೆಗೆ ತಾಳೆಯಾಗದ ಮಗು ಲೆಕ್ಕದಿಂದಲೇ ಜಾರುತ್ತದೆ. ಗ್ರಾಫಿನಲ್ಲಿ ಆ ಜಾಗದಲ್ಲಿ ಗೆರೆಯನ್ನು ಕಡಿದು ತೋರಿಸಿ.

ಪ್ರತಿ ಶಾಲೆಗೂ 11 ಅಂಕಿಗಳ ಯು-ಡೈಸ್ ಕೋಡ್ ಇರುತ್ತದೆ. ಮೊದಲ ಎರಡು ರಾಜ್ಯದ್ದು (ಕರ್ನಾಟಕಕ್ಕೆ 29), ನಂತರದ ಎರಡು ಜಿಲ್ಲೆ, ಮತ್ತೆರಡು ಬ್ಲಾಕ್, ಮೂರು ಗ್ರಾಮ ಅಥವಾ ವಾರ್ಡ್, ಕೊನೆಯ ಎರಡು ಶಾಲೆ. ಎರಡು ಫೈಲುಗಳನ್ನು ಜೋಡಿಸುವಾಗ ನಂಬಬೇಕಾದದ್ದು ಈ ಕೋಡನ್ನೇ. ಶಾಲೆಯ ಹೆಸರನ್ನು ನಂಬಬೇಡಿ. "ಸಹಿಪ್ರಾ ಶಾಲೆ ಹೊಸಹಳ್ಳಿ" (ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ) ಎಂಬ ಹೆಸರಿನ ಶಾಲೆಗಳು ಒಂದೇ ಜಿಲ್ಲೆಯಲ್ಲಿ ಹಲವು ಸಿಗಬಹುದು.

ಇದರ ಜೊತೆಗೆ ವಿದ್ಯಾರ್ಥಿಗಳ ವಿವರ ಇಡುವ ರಾಜ್ಯದ ಆನ್‌ಲೈನ್ ವ್ಯವಸ್ಥೆ ಸ್ಯಾಟ್ಸ್ ಇದೆ, ಅದು ದಿನದಿನವೂ ಬದಲಾಗುತ್ತಿರುತ್ತದೆ. ಜೂನ್ ಮೊದಲ ವಾರ ತೆಗೆದ ಸಂಖ್ಯೆಗೂ ದಸರಾ ರಜೆಯ ನಂತರ ತೆಗೆದ ಸಂಖ್ಯೆಗೂ ತಾಳೆಯಾಗುವುದಿಲ್ಲ. ಫೈಲು ಇಳಿಸಿಕೊಂಡ ತಾರೀಖನ್ನು ಫೈಲಿನ ಹೆಸರಿನಲ್ಲೇ ಬರೆದಿಡಿ. ಹಳೆಯ ಯು-ಡೈಸ್ ಫೈಲುಗಳ ಲೆಕ್ಕ ಸೆಪ್ಟೆಂಬರ್ 30ರದ್ದು.

ಕಲಿಕೆಯ ಮಟ್ಟ ಬೇಕೆಂದರೆ ಮೂಲಗಳೇ ಬೇರೆ. ರಾಷ್ಟ್ರೀಯ ಸಾಧನಾ ಸಮೀಕ್ಷೆ 2021ರ ನವೆಂಬರ್ 12ರಂದು 3, 5, 8, 10ನೇ ತರಗತಿಗಳಿಗೆ ನಡೆಯಿತು. ಅದರ ಜಾಗಕ್ಕೆ ಬಂದ ಪರಖ್ ಸಮೀಕ್ಷೆ 2024ರ ಡಿಸೆಂಬರ್ 4ರಂದು 3, 6, 9ನೇ ತರಗತಿಗಳಿಗೆ ನಡೆಯಿತು. ಐದನೆಯ ತರಗತಿಯ ಅಂಕಿಯನ್ನೂ ಆರನೆಯದನ್ನೂ ಒಂದೇ ಗೆರೆಯಲ್ಲಿ ಜೋಡಿಸಿದ ಚಾರ್ಟ್ ಕಂಡರೆ ಹಿಂದಕ್ಕೆ ಕಳಿಸಿ. ಎರಡೂ ಸಮೀಕ್ಷೆಗಳು ಅಂದು ಶಾಲೆಗೆ ಬಂದ ಮಕ್ಕಳನ್ನಷ್ಟೇ ನೋಡುತ್ತವೆ. ಪ್ರಥಮ್ ಎಂಬ ಸ್ವಯಂಸೇವಾ ಸಂಸ್ಥೆಯ ಅಸರ್ ಸಮೀಕ್ಷೆ ಮನೆಮನೆಗೆ ಹೋಗುತ್ತದೆ, ಆದರೆ ಹಳ್ಳಿಗಳಿಗೆ ಮಾತ್ರ: ಜಿಲ್ಲೆಗೆ 30 ಹಳ್ಳಿ, ಹಳ್ಳಿಗೆ 20 ಮನೆ. ಅಂದರೆ ಇಡೀ ಜಿಲ್ಲೆಗೆ 600 ಮನೆ. ಇದರಿಂದ ತಾಲ್ಲೂಕುವಾರು ಅಂಕಿ ತೆಗೆದುಕೊಡಿ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಆಗುವುದಿಲ್ಲ ಎನ್ನಿ, ಯಾಕೆ ಆಗುವುದಿಲ್ಲ ಎಂದೂ ಹೇಳಿ: ತಾಲ್ಲೂಕಿಗೆ ಬೀಳುವ ಮೂರ್ನಾಲ್ಕು ಹಳ್ಳಿಗಳು ಆ ತಾಲ್ಲೂಕಿನ ಪರವಾಗಿ ಮಾತಾಡಲಾರವು.

ಫೈಲು ಶುಚಿ ಮಾಡುವುದು

ಬಂದ ಮೂಲ ಫೈಲನ್ನು "ಮೂಲ" ಎಂಬ ಫೋಲ್ಡರಿನಲ್ಲಿ ಹಾಕಿ, ಅದನ್ನು ಮತ್ತೆ ಮುಟ್ಟಬೇಡಿ. ಪ್ರತಿ ತಿದ್ದುಪಡಿಯನ್ನೂ ಬೇರೆ ಹಾಳೆಯಲ್ಲಿ ಒಂದೊಂದು ಸಾಲಾಗಿ ಬರೆಯಿರಿ: ಯಾವ ಶಾಲೆ, ಹಳೆಯ ಮೌಲ್ಯ, ಹೊಸ ಮೌಲ್ಯ, ಯಾಕೆ, ಯಾರನ್ನು ಕೇಳಿ. ನಾಲ್ಕು ತಿಂಗಳ ನಂತರ "ಈ ಶಾಲೆಯದು 111 ಇತ್ತಲ್ಲ, 11 ಹೇಗಾಯಿತು" ಎಂದು ಕೇಳಿದಾಗ ನಿಮ್ಮ ಕೈ ಹಿಡಿಯುವುದು ಈ ಹಾಳೆ.

ಯು-ಡೈಸ್ ಕೋಡನ್ನು ಮೊದಲಿಂದಲೂ ಅಕ್ಷರರೂಪದಲ್ಲೇ (ಟೆಕ್ಸ್ಟ್) ಇಟ್ಟುಕೊಳ್ಳಿ. ನಮ್ಮ ರಾಜ್ಯದ್ದು 29ರಿಂದ ಶುರುವಾಗುವ ಕಾರಣ ಇಡೀ ಕೋಡಿಗೆ ತೊಂದರೆ ಕಾಣುವುದಿಲ್ಲ. ಆದರೆ ಜಿಲ್ಲೆ, ಬ್ಲಾಕ್ ಎಂದು ಬಿಡಿಸಿದಾಗ "05" ಎಂಬುದು "5" ಆಗಿ, ಜೋಡಣೆ ಸದ್ದಿಲ್ಲದೆ ತಪ್ಪುತ್ತದೆ. ಕನ್ನಡ ಹೆಸರುಗಳಿರುವ ಸಿಎಸ್‌ವಿ ಫೈಲನ್ನು ಎಕ್ಸೆಲ್‌ನಲ್ಲಿ ಡಬಲ್ ಕ್ಲಿಕ್ ಮಾಡಿ ತೆರೆದರೆ ಅಕ್ಷರಗಳೆಲ್ಲ ಚಿತ್ರವಿಚಿತ್ರ ಗುರುತುಗಳಾಗಬಹುದು. ಡೇಟಾ ಮೆನುವಿನಿಂದ ಆಮದು ಮಾಡಿ, ಯುಟಿಎಫ್-8 ಆರಿಸಿ. ಕಚೇರಿಗಳ ಹಳೆಯ ಫೈಲುಗಳು ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಆಸ್ಕಿ ಅಕ್ಷರದಲ್ಲಿರುತ್ತವೆ. ಅವನ್ನು ಯೂನಿಕೋಡ್‌ಗೆ ಪರಿವರ್ತಿಸದೆ ಹುಡುಕಾಟವೂ ನಡೆಯುವುದಿಲ್ಲ, ಜೋಡಣೆಯೂ ನಡೆಯುವುದಿಲ್ಲ. ಪರಿವರ್ತಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತುಗಳನ್ನು ಕಣ್ಣಿಂದ ನೋಡಿ; ಕೆಡುವುದು ಹೆಚ್ಚಾಗಿ ಅವೇ.

ಊರುಗಳ ಹೆಸರು ಇನ್ನೊಂದು ತಲೆನೋವು. 2014ರ ನವೆಂಬರ್ 1ರಿಂದ ಗುಲ್ಬರ್ಗ ಕಲಬುರಗಿಯಾಯಿತು, ಬಿಜಾಪುರ ವಿಜಯಪುರವಾಯಿತು. ಹಳೆಯ ಫೈಲುಗಳಲ್ಲಿ ಹಳೆಯ ಹೆಸರೇ ಇದೆ. ಅದನ್ನು ಒಂದು ಪಟ್ಟಿ ಮಾಡಿ ಸರಿಪಡಿಸಬಹುದು. ಗಡಿಯೇ ಬದಲಾದ ಕಡೆ ಹೆಸರಿನ ಪಟ್ಟಿ ಸಾಲದು: 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಬೇರೆಯಾಯಿತು. 2019ರ ಬಳ್ಳಾರಿಗೂ ಇಂದಿನ ಬಳ್ಳಾರಿಗೂ ನೇರ ಹೋಲಿಕೆ ಮಾಡಿದರೆ ಅರ್ಧ ಜಿಲ್ಲೆಯೇ ಮಾಯವಾದಂತೆ ಕಾಣುತ್ತದೆ. ಹಿಂದಿನ ವರ್ಷಗಳ ಶಾಲೆಗಳನ್ನೂ ಇಂದಿನ ಗಡಿಗೆ ಹೊಂದಿಸಿ, ಆಮೇಲೆ ಕೂಡಿ.

ಶೈಕ್ಷಣಿಕ ಜಿಲ್ಲೆ, ಕಂದಾಯ ಜಿಲ್ಲೆ ಒಂದೇ ಅಲ್ಲ. ಬೆಳಗಾವಿಯೊಳಗೆ ಚಿಕ್ಕೋಡಿ, ತುಮಕೂರಿನೊಳಗೆ ಮಧುಗಿರಿ, ಉತ್ತರ ಕನ್ನಡದೊಳಗೆ ಶಿರಸಿ ಪ್ರತ್ಯೇಕ ಶೈಕ್ಷಣಿಕ ಜಿಲ್ಲೆಗಳು; ಬೆಂಗಳೂರು ನಗರ ಉತ್ತರ, ದಕ್ಷಿಣ ಎಂದು ಎರಡಾಗಿದೆ. ಇಲ್ಲಿ ತುಂಬ ಎಚ್ಚರ ಬೇಕು: 2025ರಲ್ಲಿ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಟ್ಟರು. ಹಾಗಾಗಿ ಫೈಲಿನಲ್ಲಿ "ಬೆಂಗಳೂರು ದಕ್ಷಿಣ" ಎಂದು ಕಂಡ ಕೂಡಲೇ ಅದು ಚನ್ನಪಟ್ಟಣ, ಮಾಗಡಿಗಳ ಜಿಲ್ಲೆಯೋ ಅಥವಾ ನಗರದ ಶೈಕ್ಷಣಿಕ ಜಿಲ್ಲೆಯೋ ಎಂದು ಒಳಗಿನ ಬ್ಲಾಕ್ ಹೆಸರು ನೋಡಿಯೇ ತೀರ್ಮಾನಿಸಿ. ಪ್ರಾದೇಶಿಕ ಅಸಮತೋಲನದ ಬಗ್ಗೆ ಸರ್ಕಾರ ನೇಮಿಸಿದ್ದ ಡಾ. ನಂಜುಂಡಪ್ಪ ಸಮಿತಿಯ ಹಿಂದುಳಿದ ತಾಲ್ಲೂಕುಗಳ ಪಟ್ಟಿಯನ್ನು ಬಳಸುವವರಿಗೂ ಇದೇ ಮಾತು. ಸಮಿತಿ 2002ರಲ್ಲಿ ನೋಡಿದ್ದು ಆಗಿನ 175 ತಾಲ್ಲೂಕುಗಳನ್ನು, ಹಿಂದುಳಿದವೆಂದು ಗುರುತಿಸಿದ್ದು 114. ಆಮೇಲೆ ಹುಟ್ಟಿದ ತಾಲ್ಲೂಕುಗಳು ಆ ಪಟ್ಟಿಯಲ್ಲಿ ಇಲ್ಲ. ಅವು ಯಾವ ಹಳೆಯ ತಾಲ್ಲೂಕಿನಿಂದ ಒಡೆದು ಬಂದವು ಎಂದು ಹಿಂದಕ್ಕೆ ಹೋಗಿ ನೋಡಬೇಕು.

ನಂತರ ಸರಳ ತಾಳೆಗಳು. ಗಂಡು, ಹೆಣ್ಣು ಕೂಡಿದರೆ ಒಟ್ಟು ಬರುತ್ತದೆಯೇ? ತರಗತಿಗಳನ್ನು ಕೂಡಿದರೆ ಶಾಲೆಯ ಮೊತ್ತ ಸಿಗುತ್ತದೆಯೇ? ಹೋದ ವರ್ಷದ ಮೂರನೇ ತರಗತಿಗೂ ಈ ವರ್ಷದ ನಾಲ್ಕನೆಯದಕ್ಕೂ ಐದರಲ್ಲಿ ಒಂದಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಬಣ್ಣ ಹಚ್ಚಿಡಿ. ಖಾಲಿ ಕೋಶವನ್ನು ಸೊನ್ನೆ ಮಾಡಬೇಡಿ: "ಶೌಚಾಲಯ 0" ಎಂದರೆ ಇಲ್ಲ, ಖಾಲಿ ಎಂದರೆ ಯಾರೂ ತುಂಬಿಲ್ಲ. ಶೌಚಾಲಯ ಎಷ್ಟಿವೆ, ಬಳಕೆಯಲ್ಲಿ ಎಷ್ಟಿವೆ ಎಂಬ ಎರಡು ಕಾಲಂಗಳಲ್ಲಿ ವರದಿಗೆ ಬೇಕಾದದ್ದು ಎರಡನೆಯದು.

ಸರಾಸರಿ ಹೇಗೆ ದಾರಿ ತಪ್ಪಿಸುತ್ತದೆ

ಒಂದು ಕ್ಲಸ್ಟರಿನಲ್ಲಿ (ಅಕ್ಕಪಕ್ಕದ ಶಾಲೆಗಳ ಗುಂಪು) ಒಂದರಿಂದ ಐದನೇ ತರಗತಿಯ ಎರಡು ಶಾಲೆ ಇವೆ ಎನ್ನಿ. ಮೊದಲನೆಯದರಲ್ಲಿ 12 ಮಕ್ಕಳು, 2 ಶಿಕ್ಷಕರು: ಒಬ್ಬರಿಗೆ 6 ಮಕ್ಕಳು. ಎರಡನೆಯದರಲ್ಲಿ 240 ಮಕ್ಕಳು, 5 ಶಿಕ್ಷಕರು: ಒಬ್ಬರಿಗೆ 48. ಎರಡು ಅನುಪಾತಗಳ ಸರಾಸರಿ 27. "ಕಾಯ್ದೆ 30 ಎನ್ನುತ್ತದೆ, ಇಲ್ಲಿ 27 ಇದೆ, ಕೊರತೆ ಇಲ್ಲ" ಎಂಬ ವಾಕ್ಯ ಹುಟ್ಟುವುದು ಹೀಗೆ. ಮಕ್ಕಳನ್ನೆಲ್ಲ ಕೂಡಿ ಶಿಕ್ಷಕರಿಂದ ಭಾಗಿಸಿದರೆ 252ಕ್ಕೆ 7, ಅಂದರೆ 36. ಇದು ಮೊದಲಿನದಕ್ಕಿಂತ ವಾಸಿ, ಆದರೂ ಎರಡರಲ್ಲಿ ಯಾವ ಶಾಲೆಯನ್ನೂ ಹೋಲುವುದಿಲ್ಲ.

ಸರಿಯಾದ ದಾರಿ ಒಂದೊಂದೇ ಶಾಲೆಯನ್ನು ಕಾಯ್ದೆಯ ಅನುಸೂಚಿಗೆ ಹಚ್ಚಿ ನೋಡುವುದು. ಒಂದರಿಂದ ಐದನೇ ತರಗತಿಗೆ 60 ಮಕ್ಕಳವರೆಗೆ 2 ಶಿಕ್ಷಕರು, 61ರಿಂದ 90ಕ್ಕೆ 3, 91ರಿಂದ 120ಕ್ಕೆ 4, 121ರಿಂದ 200ಕ್ಕೆ 5. 150 ದಾಟಿದರೆ ಅದರ ಮೇಲೊಬ್ಬ ಮುಖ್ಯ ಶಿಕ್ಷಕರು. 200 ದಾಟಿದರೆ ಮುಖ್ಯ ಶಿಕ್ಷಕರನ್ನು ಬಿಟ್ಟು ಒಬ್ಬರಿಗೆ 40ಕ್ಕಿಂತ ಹೆಚ್ಚು ಮಕ್ಕಳು ಬರಬಾರದು. ಆರರಿಂದ ಎಂಟನೇ ತರಗತಿಗೆ 35 ಮಕ್ಕಳಿಗೆ ಕನಿಷ್ಠ ಒಬ್ಬರು. ಈ ಲೆಕ್ಕದಲ್ಲಿ ಮೊದಲ ಶಾಲೆಗೆ ಬೇಕಾದಷ್ಟು ಇದ್ದಾರೆ. ಎರಡನೆಯದಕ್ಕೆ 6 ಶಿಕ್ಷಕರು ಮತ್ತು ಒಬ್ಬ ಮುಖ್ಯ ಶಿಕ್ಷಕರು ಬೇಕು, ಇರುವುದು 5. ಶಾಲೆಗಳ ಲೆಕ್ಕದಲ್ಲಿ ಕೊರತೆ ಇರುವುದು ಎರಡರಲ್ಲಿ ಒಂದಕ್ಕೆ, ಶೇ. 50. ಮಕ್ಕಳ ಲೆಕ್ಕದಲ್ಲಿ 252ರಲ್ಲಿ 240, ಶೇ. 95. ವರದಿಯಲ್ಲಿ ಎರಡನ್ನೂ ಕೊಡಿ, ಮಕ್ಕಳದ್ದನ್ನು ಮೊದಲು ಕೊಡಿ. ಬೆಂಚಿನ ಮೇಲೆ ಕೂತಿರುವವರು ಅವರು.

ಇದೇ ಜಾಗದಲ್ಲಿ ಇನ್ನೊಂದು ಎಚ್ಚರಿಕೆ. 12 ಮಕ್ಕಳಿಗೆ ಇಬ್ಬರು "ಹೆಚ್ಚು" ಎಂದು ಬರೆಯುವ ಮುನ್ನ ಆ ಇಬ್ಬರು ಐದು ತರಗತಿ ನಡೆಸುತ್ತಿದ್ದಾರೆ ಎಂಬುದನ್ನು ನೆನಪಿಡಿ. ಒಬ್ಬರು ನಲಿ-ಕಲಿಯ (ಒಂದರಿಂದ ಮೂರನೇ ತರಗತಿಯವರನ್ನು ಒಟ್ಟಿಗೆ ಕೂರಿಸಿ ಕಲಿಸುವ ಕ್ರಮ) ಮೂರು ತರಗತಿ ಹಿಡಿದರೆ ಇನ್ನೊಬ್ಬರು ನಾಲ್ಕು ಮತ್ತು ಐದನ್ನು ಹಿಡಿಯಬೇಕು. ಒಬ್ಬರು ತರಬೇತಿಗೆ ಹೋದ ದಿನ ಐದೂ ಒಂದೇ ಕೋಣೆಯಲ್ಲಿ.

ಶಾಲೆ ಬಿಟ್ಟವರ ಲೆಕ್ಕ ಇನ್ನೂ ಸೂಕ್ಷ್ಮ. ಕರ್ನಾಟಕದಲ್ಲಿ ಅನೇಕ ಹಿರಿಯ ಪ್ರಾಥಮಿಕ ಶಾಲೆಗಳು ಏಳಕ್ಕೇ ಮುಗಿಯುತ್ತವೆ, ಎಂಟು ಪ್ರೌಢಶಾಲೆಯಲ್ಲಿ. ರಾಷ್ಟ್ರೀಯ ನಮೂನೆ 6ರಿಂದ 8 ಎಂದು ಗುಂಪು ಮಾಡುತ್ತದೆ. ಏಳರಲ್ಲಿ 30 ಮಕ್ಕಳಿದ್ದರು. 22 ಮಂದಿ ನಾಲ್ಕು ಕಿಲೋಮೀಟರ್ ದೂರದ ಸರ್ಕಾರಿ ಪ್ರೌಢಶಾಲೆಗೆ, 5 ಮಂದಿ ಅನುದಾನಿತ ಶಾಲೆಗೆ, ಇಬ್ಬರು ವಸತಿ ಶಾಲೆಗೆ ಹೋದರು, ಒಬ್ಬಳು ಮನೆಯಲ್ಲಿ ಉಳಿದಳು ಎಂದುಕೊಳ್ಳಿ. ಸರ್ಕಾರಿ ಪ್ರೌಢಶಾಲೆಯ ಫೈಲು ಮಾತ್ರ ಜೋಡಿಸಿದವರಿಗೆ 8 ಮಕ್ಕಳು ಕಾಣೆ, ಶೇ. 26.7. ನಿಜವಾಗಿ ಶೇ. 3.3. ಎಲ್ಲ ಬಗೆಯ ಶಾಲೆಗಳನ್ನೂ ಸೇರಿಸದೆ ಈ ದರ ಲೆಕ್ಕ ಹಾಕಲೇಬೇಡಿ. ಯು-ಡೈಸ್ ಪ್ಲಸ್‌ನ ಡ್ರಾಪ್‌ಬಾಕ್ಸ್‌ನಲ್ಲಿರುವ ಹೆಸರುಗಳೂ ಶಾಲೆ ಬಿಟ್ಟವರ ಪಟ್ಟಿಯಲ್ಲ. ಒಂದು ಶಾಲೆಯಿಂದ ಹೊರಟು ಇನ್ನೊಂದಕ್ಕೆ ಇನ್ನೂ ಸೇರ್ಪಡೆಯಾಗದ ಮಕ್ಕಳು ಅಲ್ಲಿರುತ್ತಾರೆ. ಆ ಒಬ್ಬಳನ್ನು ಹುಡುಕುವುದು ಮುಖ್ಯ. ಉಳಿದ ಏಳು ಮಂದಿಯ ಸುಳ್ಳು ಲೆಕ್ಕದಲ್ಲಿ ಅವಳು ಮರೆಯಾಗಿಬಿಡುತ್ತಾಳೆ.

ವರ್ಷದಿಂದ ವರ್ಷಕ್ಕೆ ಹೋಲಿಸುವಾಗ ನಿಯಮ ಬದಲಾಗಿದೆಯೇ ನೋಡಿ. ಎಸ್ಸೆಸ್ಸೆಲ್ಸಿ ಫಲಿತಾಂಶ 2023ರಲ್ಲಿ ಶೇ. 83.89, 2024ರ ಮೊದಲ ಪರೀಕ್ಷೆಯಲ್ಲಿ ಶೇ. 73.40. ಆ ವರ್ಷ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ (ಕ್ಯಾಮೆರಾ ಮೂಲಕ ನೇರ ಕಣ್ಗಾವಲು) ಬಂತು, ಕೃಪಾಂಕವನ್ನೂ ಶೇ. 10ರಿಂದ 20ಕ್ಕೆ ಏರಿಸಿದ್ದರು. ಒಂದು ಫಲಿತಾಂಶವನ್ನು ಕೆಳಗೆಳೆಯುವಂಥದು, ಇನ್ನೊಂದು ಮೇಲೆತ್ತುವಂಥದು. ಇದನ್ನು ಹೇಳದೆ "ಮಕ್ಕಳ ಕಲಿಕೆ ಕುಸಿಯಿತು" ಎಂದರೆ ಅದು ವಿಶ್ಲೇಷಣೆ ಅಲ್ಲ. ಭಾಷೆಯಲ್ಲೂ ಜಾಗ್ರತೆ ಬೇಕು: ಈ ಇಳಿಕೆ 10.49 ಶೇಕಡಾ ಅಂಶ. 2023ಕ್ಕೆ ಹೋಲಿಸಿದರೆ ಶೇ. 12.5. "ಶೇ. 10 ಕಡಿಮೆ" ಎಂದಷ್ಟೇ ಬರೆದರೆ ಎರಡರಲ್ಲಿ ಯಾವುದೆಂದು ಓದುವವರಿಗೆ ತಿಳಿಯುವುದಿಲ್ಲ.

ಶಾಲೆಗೆ ಹೋದಾಗ

ವರ್ಷಕ್ಕೆ ನಾಲ್ಕಾರು ಶಾಲೆಗಳನ್ನಾದರೂ ಕಣ್ಣಾರೆ ನೋಡದೆ ಈ ಕೆಲಸ ಬರುವುದಿಲ್ಲ. ಉಪನಿರ್ದೇಶಕರ ಅಥವಾ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಅವರ ಅನುಮತಿ ಪತ್ರದ ಎರಡು ಪ್ರತಿ ಇಟ್ಟುಕೊಳ್ಳಿ, ಒಂದನ್ನು ಶಾಲೆಯಲ್ಲಿ ಬಿಟ್ಟು ಬನ್ನಿ. ಆ ಕ್ಲಸ್ಟರಿನ ಸಿಆರ್‌ಪಿಗೆ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಹಿಂದಿನ ದಿನ ಫೋನ್ ಮಾಡಿ. ಜೂನ್ ಮೊದಲೆರಡು ವಾರ, ಪ್ರತಿಭಾ ಕಾರಂಜಿಯ ದಿನ ಬೇಡ. ಶನಿವಾರ ಬೆಳಗಿನ ಶಾಲೆ, ಬೇಗ ಮುಗಿಯುತ್ತದೆ. ಪ್ರಾರ್ಥನೆಗೆ ಮುಂಚೆ ತಲುಪಿ.

ಮೊದಲು ಮುಖ್ಯ ಶಿಕ್ಷಕರ ಹತ್ತಿರ ಕೂತು ಬಂದ ಉದ್ದೇಶ ಹೇಳಿ. "ತಪಾಸಣೆಗೆ ಬಂದಿಲ್ಲ ಸರ್, ನಮ್ಮ ಫೈಲಲ್ಲಿ ಇರೋದು ಸರಿ ಇದೆಯಾ ಅಂತ ನಿಮ್ಮ ಹತ್ರ ಕೇಳ್ಕೊಂಡು ಹೋಗೋಕೆ ಬಂದಿದ್ದೀವಿ" ಎಂದರೆ ಬಾಗಿಲು ತೆರೆಯುತ್ತದೆ. ಅದು ಬರಿಯ ಮಾತಾಗದಿರಲಿ, ನಿಜವಾಗಿ ಹಾಗೇ ನಡೆದುಕೊಳ್ಳಿ. ಆಮೇಲೆ ಮೂರು ವಹಿ ಕೇಳಿ: ದಾಖಲಾತಿ ವಹಿ, ಹಾಜರಿ ಪುಸ್ತಕ, ಬಿಸಿಯೂಟದ ವಹಿ. ಅದರ ಜೊತೆ ತರಗತಿಯಲ್ಲಿ ನೀವೇ ತಲೆ ಎಣಿಸಿ, ಸಮಯ ಬರೆದುಕೊಳ್ಳಿ.

ಈ ನಾಲ್ಕು ಸಂಖ್ಯೆ ಒಂದೇ ಆಗಿರುವುದಿಲ್ಲ. ದಾಖಲಾತಿ 64, ಹಾಜರಿ 58, ಎಣಿಸಿದ್ದು 47 ಇರಬಹುದು. ಅಡುಗೆ ಮನೆಗೆ ಹೋಗಿ "ಅಕ್ಕಾ, ಇವತ್ತು ಎಷ್ಟು ಅಕ್ಕಿ ಹಾಕಿದ್ರಿ?" ಎಂದು ಕೇಳಿ. ನಿಯಮದಂತೆ ಐದನೇ ತರಗತಿಯವರೆಗೆ ಮಗುವಿಗೆ 100 ಗ್ರಾಂ, ಆರರಿಂದ ಎಂಟಕ್ಕೆ 150 ಗ್ರಾಂ. ಕಿರಿಯ ಪ್ರಾಥಮಿಕ ಶಾಲೆಯಲ್ಲಿ ನಾಲ್ಕೂವರೆ ಕಿಲೋ ಎಂದರೆ ಸುಮಾರು 45 ಮಕ್ಕಳ ಅಡುಗೆ. ಯಾರನ್ನೂ ಹಿಡಿದುಹಾಕಲು ಈ ಲೆಕ್ಕವಲ್ಲ. 11 ಮಕ್ಕಳು ಎಲ್ಲಿ ಎಂದು ಮೆಲ್ಲಗೆ ಕೇಳಿದರೆ ಅಪ್ಪ ಅಮ್ಮನ ಜೊತೆ ಕಬ್ಬು ಕಡಿಯಲು ಹೋದವರು, ಹತ್ತಿ ಬಿಡಿಸಲು ಹೋದವರು, ತಂಗಿಯನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿದವರು ಎಂದು ಗೊತ್ತಾಗುತ್ತದೆ. ಹೆಸರು ತೆಗೆದುಹಾಕಿದರೆ ಅವರು ಮರಳಿ ಬಂದಾಗ ಕಷ್ಟವೆಂದು ಶಿಕ್ಷಕರು ಉಳಿಸಿಕೊಂಡಿರುತ್ತಾರೆ. ಫೈಲಿನಲ್ಲಿ ಕಾಣದ ಈ ಕಾರಣ ನಿಮ್ಮ ಟಿಪ್ಪಣಿಯಲ್ಲಿ ಇರಬೇಕು.

ಓದಿಸಿ ನೋಡುವ ಕೆಲಸವಿದ್ದರೆ ಅಸರ್ ಕ್ರಮ ಕಲಿಯಲು ಸುಲಭ. ಒಂದನೇ ತರಗತಿ ಮಟ್ಟದ ನಾಲ್ಕು ಸಾಲಿನಿಂದ ಶುರು. ಓದಿದರೆ ಎರಡನೇ ತರಗತಿಯ ಕಥೆ ಕೊಡಿ. ಆಗದಿದ್ದರೆ ಪದಗಳು, ಐದರಲ್ಲಿ ನಾಲ್ಕು ಸರಿ ಇರಬೇಕು. ಅದೂ ಆಗದಿದ್ದರೆ ಅಕ್ಷರಗಳು. ಮಗುವಿನ ಪಕ್ಕ ನೆಲದ ಮೇಲೆ ಕೂತುಕೊಳ್ಳಿ, ಶಿಕ್ಷಕರು, ಜೊತೆಯ ಮಕ್ಕಳು ಸುತ್ತ ನಿಲ್ಲದಂತೆ ನೋಡಿಕೊಳ್ಳಿ. ಮಂಡ್ಯದ ಮಗು "ಹಾಲು" ಎಂಬುದನ್ನು "ಆಲು" ಎಂದು ಓದಿದರೆ ತಪ್ಪಲ್ಲ, ಅದು ಊರಿನ ಉಚ್ಚಾರ. "ಹಕ್ಕಿ" ಎಂಬುದನ್ನು "ಹಕಿ" ಎಂದು ಓದಿದರೆ ಒತ್ತಕ್ಷರ ಇನ್ನೂ ಬಂದಿಲ್ಲ ಎಂದರ್ಥ. ತಾಂಡಾದ ಮಗುವಿಗೆ ಮನೆಮಾತು ಲಂಬಾಣಿ, ಗಡಿಯ ಊರಿನ ಮಗುವಿಗೆ ಮರಾಠಿಯೋ ತೆಲುಗೋ ಇರಬಹುದು. ಮನೆಮಾತು ಬರೆದುಕೊಳ್ಳಲು ಒಂದು ಕಾಲಂ ಇರಲೇಬೇಕು. ಹಿಂಜರಿಯುವ ಮಗುವಿಗೆ ಎರಡನೇ ಅವಕಾಶ ಕೊಡಿ, ಬಲವಂತ ಮಾಡಬೇಡಿ.

ಬರೆದು ಕೊಡುವುದು

ಎರಡು ಪುಟ ಸಾಕು. ಮೊದಲ ಸಾಲಿನಲ್ಲೇ ಉತ್ತರ, ಕೆಳಗೆ ಒಂದು ಕೋಷ್ಟಕ, ಆಮೇಲೆ ಯಾರನ್ನು ಎಣಿಸಿದಿರಿ, ಯಾರನ್ನು ಬಿಟ್ಟಿರಿ ಎಂಬ ವಿವರ. ಪ್ರತಿ ಕೋಷ್ಟಕದ ಅಡಿಯಲ್ಲಿ ಮೂಲ, ವರ್ಷ, ಫೈಲು ಇಳಿಸಿಕೊಂಡ ತಾರೀಖು, ಒಟ್ಟು ಶಾಲೆಗಳ ಸಂಖ್ಯೆ. ದಶಮಾಂಶದ ನಂತರ ಒಂದು ಅಂಕಿ ಸಾಕು. 12 ಮಕ್ಕಳ ಶಾಲೆಗೆ ಶೇಕಡಾವೇ ಬೇಡ, ಸಂಖ್ಯೆ ಬರೆಯಿರಿ.

ಮಕ್ಕಳ ಹೆಸರು, ಆಧಾರ್, ಸ್ಯಾಟ್ಸ್ ಸಂಖ್ಯೆ ಇರುವ ಫೈಲನ್ನು ವಾಟ್ಸಾಪ್‌ನಲ್ಲಿ ಕಳಿಸಬೇಡಿ, ಸ್ವಂತ ಲ್ಯಾಪ್‌ಟಾಪಿನಲ್ಲಿ ಇಡಬೇಡಿ. ಹೆಸರು ತೆಗೆದರೆ ಸಾಕೆಂದೂ ಅಲ್ಲ: "ಇಂಥ ಹಳ್ಳಿ, ಆರನೇ ತರಗತಿ, ಹೆಣ್ಣು, ದೃಷ್ಟಿದೋಷ, 1" ಎಂಬ ಸಾಲು ಇಡೀ ಊರಿಗೆ ಆ ಹುಡುಗಿ ಯಾರೆಂದು ಹೇಳುತ್ತದೆ. ಐದಕ್ಕಿಂತ ಕಡಿಮೆ ಸಂಖ್ಯೆ ಇರುವ ಕೋಶಗಳನ್ನು ಮೇಲಿನ ಹಂತಕ್ಕೆ ಕೂಡಿ ತೋರಿಸಿ.

ಕಳಿಸುವ ಹಿಂದಿನ ದಿನ ಕೋಷ್ಟಕದಿಂದ ಐದು ಶಾಲೆಗಳನ್ನು ಕಣ್ಣುಮುಚ್ಚಿ ಆರಿಸಿ, ಮೂಲ ಫೈಲಿನಿಂದ ಕೈಯಾರೆ ಲೆಕ್ಕ ಹಾಕಿ. ಒಂದು ತಪ್ಪಿದರೂ ಇಡೀ ಜೋಡಣೆಯನ್ನು ಮತ್ತೆ ನೋಡಿ. ವರದಿ ಹೋದ ಮೇಲೆ ತಪ್ಪು ಸಿಕ್ಕರೆ ಅವತ್ತೇ ತಿಳಿಸಿ: ಹಳೆಯ ಅಂಕಿ, ಸರಿಯಾದ ಅಂಕಿ, ತಪ್ಪಿಗೆ ಕಾರಣ, ಯಾವ ತೀರ್ಮಾನ ಬದಲಾಗುತ್ತದೆ, ಯಾವುದು ಬದಲಾಗುವುದಿಲ್ಲ. ಹಳೆಯ ಪ್ರತಿ ಯಾರ ಯಾರ ಕೈಗೆ ಹೋಗಿತ್ತೋ ಅಷ್ಟೂ ಜನರಿಗೆ ಹೊಸದು ಹೋಗಬೇಕು, ವಹಿ ತೆರೆದು ತೋರಿಸಿದ ಆ ಮುಖ್ಯ ಶಿಕ್ಷಕರಿಗೂ.